ಆರ್‌ಸಿ (ರಿಮೋಟ್ ಕಂಟ್ರೋಲ್) ವಿಮಾನ ಸರಿಯಾಗಿ ಹಾರದಿದ್ದರೆ ಮೊದಲು ಪ್ರೊಪೆಲ್ಲರ್ ನೋಡಿ: ದೋಷ ನಿವಾರಣೆ ಕೈಪಿಡಿ

ಮೋಟರ್ ಸುಡುತ್ತಿದೆ ಎಂದು ಮೋಟರನ್ನೇ ಬದಲಿಸುತ್ತಾರೆ. ವಿಮಾನ ಗಾಳಿಗೆ ಎದುರಾಗಿ ಹೋಗುತ್ತಿಲ್ಲ ಎಂದು ಇನ್ನೂ ದೊಡ್ಡ ಬ್ಯಾಟರಿ ತುರುಕುತ್ತಾರೆ. ಬಾಲ ನಡುಗಿದರೆ ಅದರ ರೆಕ್ಕೆಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್, ಅಂದರೆ ಸರ್ವೋ ಬಿಚ್ಚುತ್ತಾರೆ. ಈ ಮೂರೂ ತೊಂದರೆಗಳ ಬೇರು ಹೆಚ್ಚಿನ ಸಲ ಇರುವುದು ವಿಮಾನದ ಮೂಗಿನ ತುದಿಯಲ್ಲಿ. ಇಡೀ ವಿಮಾನದಲ್ಲಿ ಅತಿ ಅಗ್ಗದ, ಅತಿ ಸುಲಭವಾಗಿ ಬದಲಿಸಬಹುದಾದ ಭಾಗ ಪ್ರೊಪೆಲ್ಲರ್, ಚಿಕ್ಕದಾಗಿ ಪ್ರಾಪ್. ಆದರೂ ತನಿಖೆಯಲ್ಲಿ ಅದರ ಸರದಿ ಬರುವುದು ಕೊನೆಗೆ. ಈ ಕ್ರಮ ತಿರುಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನಮ್ಮಲ್ಲಿ ಕಾಲೇಜು ಹುಡುಗರಿಂದ ಹಿಡಿದು ನಿವೃತ್ತರವರೆಗೆ ಬಹಳ ಜನ ಕಟ್ಟುವ ಜೋಡಣೆ: ಸನ್‌ಪ್ಯಾಕ್ ಶೀಟ್ ಅಥವಾ ಫೋಮ್‌ನಲ್ಲಿ ಮಾಡಿದ, ಸುಮಾರು 1 ಕಿಲೋ ತೂಗುವ ಹೈ ವಿಂಗ್ ಟ್ರೈನರ್ (ರೆಕ್ಕೆ ಮೇಲಿರುವ, ಕಲಿಯುವವರ ವಿಮಾನ), ಎ2212 ಅಳತೆಯ 1000 ಕೆವಿ ಮೋಟರ್ (ಇದು ಕಿಲೋವೋಲ್ಟ್ ಅಲ್ಲ, ಅರ್ಥ ಮುಂದೆ ಬರುತ್ತದೆ), 3ಎಸ್ ಲಿಪೊ (ಸಾಲಾಗಿ ಮೂರು ಸೆಲ್ ಇರುವ ಲಿಥಿಯಂ ಪಾಲಿಮರ್ ಬ್ಯಾಟರಿ), 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ). ನಿಮ್ಮದು ಬೇರೆ ಅಳತೆಯದಾದರೆ ಅಂಕಿಗಳು ಬದಲಾಗುತ್ತವೆ, ಹುಡುಕುವ ದಾರಿ ಬದಲಾಗುವುದಿಲ್ಲ.

ಪ್ರಾಪ್ ಮೇಲಿನ ಅಂಕಿ

10×4.5 ಎಂದು ಬರೆದಿದ್ದರೆ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಎಂದರೆ ಒಂದು ಸುತ್ತಿಗೆ ಪ್ರಾಪ್ ಜಾರದೆ ಮುಂದೆ ಹೋಗಬಹುದಾದ ದೂರ. 1045 ಎಂದು ಒಟ್ಟಿಗೆ ಬರೆದಿದ್ದರೂ ಅದು 10×4.5 ಎಂದೇ ಅರ್ಥ.

ನೆನಪಿಡಬೇಕಾದ ಲೆಕ್ಕ ಒಂದಿದೆ. ಒಂದೇ ವೇಗದಲ್ಲಿ ತಿರುಗಿಸಿದಾಗ ಪ್ರಾಪ್ ಮೋಟರ್ ಮೇಲೆ ಹೇರುವ ಹೊರೆ ವ್ಯಾಸದ ನಾಲ್ಕನೇ ಘಾತಕ್ಕೂ ಪಿಚ್‌ಗೂ ಅನುಗುಣವಾಗಿ ಏರುತ್ತದೆ. ವ್ಯಾಸವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ (10×10×10×10), ಅದನ್ನು ಪಿಚ್‌ನಿಂದ ಗುಣಿಸಿದರೆ ಹೋಲಿಕೆಗೆ ಒಂದು ಹೊರೆ ಅಂಕಿ ಸಿಗುತ್ತದೆ. 10×4.5ಕ್ಕೆ 45,000. 11×4.5ಕ್ಕೆ ಸುಮಾರು 65,900. ಒಂದೇ ಇಂಚು ವ್ಯಾಸ ಹೆಚ್ಚಿಸಿದ್ದಕ್ಕೆ ಹೊರೆ ಶೇ. 46ರಷ್ಟು ಏರಿತು. ಒಂದೇ ಮಾದರಿಯ ಅಲಗುಗಳನ್ನು ಹೋಲಿಸುವಾಗ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ನಿಧಾನವಾಗಿ ಹಾರುವ ವಿಮಾನಗಳಿಗೆಂದು ಮಾಡಿದ, ಅಗಲ ಅಲಗಿನ ಸ್ಲೋ ಫ್ಲೈಯರ್ ಪ್ರಾಪನ್ನು ತೆಳು ಅಲಗಿನ ಎಲೆಕ್ಟ್ರಿಕ್ ಪ್ರಾಪ್ ಜೊತೆ ಹೋಲಿಸಲು ಬಳಸಬೇಡಿ.

'ಒಂದಿಂಚು ವ್ಯಾಸ ಏರಿಸಿದರೆ ಒಂದಿಂಚು ಪಿಚ್ ಇಳಿಸು, ಸಮ ಆಗುತ್ತದೆ' ಎಂಬ ಸಲಹೆಯನ್ನು ಮೈದಾನದಲ್ಲಿ ಎಲ್ಲರೂ ಕೇಳಿರುತ್ತೀರಿ. ಲೆಕ್ಕ ಹಾಕಿ ನೋಡಿ. 10×6ಕ್ಕೆ 60,000, 11×5ಕ್ಕೆ 73,200. ಸಮ ಆಗಲಿಲ್ಲ, ಶೇ. 22ರಷ್ಟು ಹೆಚ್ಚಾಯಿತು. 11×4 ಆದರೆ 58,600, ಹತ್ತಿರ ಬಂತು. ಈ ಅಳತೆಗಳಲ್ಲಿ ಒಂದಿಂಚು ವ್ಯಾಸಕ್ಕೆ ಎರಡಿಂಚು ಪಿಚ್ ಎಂದು ಇಟ್ಟುಕೊಳ್ಳುವುದೇ ಸುರಕ್ಷಿತ.

ಏನನ್ನೂ ಬಿಚ್ಚುವ ಮೊದಲು ಅಳೆಯಿರಿ

ಬ್ಯಾಟರಿಗೂ ಇಎಸ್‌ಸಿಗೂ ನಡುವೆ ಒಂದು ವ್ಯಾಟ್‌ಮೀಟರ್ ಸೇರಿಸಿ. ಪ್ರಾಪ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ (ಆರ್‌ಪಿಎಂ) ಎಂದು ಬೆಳಕಿನಿಂದ ಎಣಿಸುವ ಆಪ್ಟಿಕಲ್ ಟ್ಯಾಕೋಮೀಟರ್ ಕೈಯಲ್ಲಿರಲಿ. ಇವೆರಡೂ ಇಲ್ಲದೆ ಪ್ರಾಪ್ ಆರಿಸುವುದು ಊಹೆಯ ಕೆಲಸ, ಮತ್ತು ಊಹೆ ತಪ್ಪಿದರೆ ಸುಡುವುದು ಮೋಟರ್. ಟ್ಯಾಕೋಮೀಟರ್ ಸರಿಯಿದೆಯೇ ಎಂದು ತಿಳಿಯಲು ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಕಡೆಗೆ ಹಿಡಿಯಿರಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎರಡು ಅಲಗಿನ ಸೆಟ್ಟಿಂಗ್‌ನಲ್ಲಿ ಮೀಟರ್ 3000 ತೋರಿಸಬೇಕು.

ವಿಮಾನವನ್ನು ಬಾಲದ ಕಡೆಯಿಂದ ಗಟ್ಟಿಯಾಗಿ ಕಟ್ಟಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ. ಪ್ರಾಪ್ ತಿರುಗುವ ಸಮತಲದ ನೇರದಲ್ಲಿ ನೀವೂ ನಿಲ್ಲಬಾರದು, ನೋಡಲು ಬಂದವರೂ ನಿಲ್ಲಬಾರದು, ಏಕೆಂದರೆ ಅಲಗು ಮುರಿದರೆ ಹಾರುವುದು ಆ ದಿಕ್ಕಿಗೇ. 10 ಇಂಚಿನ ಪ್ರಾಪ್ 7200 ಆರ್‌ಪಿಎಂನಲ್ಲಿ ತಿರುಗುವಾಗ ಅದರ ತುದಿ ಗಂಟೆಗೆ ಸುಮಾರು 345 ಕಿ.ಮೀ. ವೇಗದಲ್ಲಿರುತ್ತದೆ. ಫುಲ್ ಥ್ರಾಟಲ್ ಕೊಟ್ಟು ಐದಾರು ಸೆಕೆಂಡ್‌ಗಳಲ್ಲಿ ಮೂರು ಅಂಕಿ ಬರೆದುಕೊಳ್ಳಿ: ವೋಲ್ಟ್, ಆಂಪಿಯರ್, ಆರ್‌ಪಿಎಂ. ಮುಂದಿನ ತೀರ್ಮಾನಗಳೆಲ್ಲ ಈ ಮೂರರ ಮೇಲೆ ನಿಲ್ಲುತ್ತವೆ.

ಮೋಟರಿನ ಕೆವಿ ಎಂದರೆ ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ. ಪ್ರಾಪ್ ಹಾಕಿದ ಮೇಲೆ ವೋಲ್ಟ್ ಗುಣಿಸು ಕೆವಿಯ ಶೇ. 70ರಿಂದ 80ರಷ್ಟು ಬಂದರೆ ಆರೋಗ್ಯಕರ. ಅದಕ್ಕಿಂತ ತೀರ ಕೆಳಗಿದ್ದರೆ ಮೋಟರ್ ಏದುಸಿರು ಬಿಡುತ್ತಿದೆ, ಶೇ. 85 ದಾಟಿದರೆ ಪ್ರಾಪ್ ಚಿಕ್ಕದು, ಮೋಟರಿನ ಶಕ್ತಿ ಬಳಕೆಯಾಗುತ್ತಿಲ್ಲ.

ಮೋಟರ್ ಅಥವಾ ಇಎಸ್‌ಸಿ ಬಿಸಿ

ಇಳಿದ ತಕ್ಷಣ ಮೋಟರನ್ನು ಬೆರಳಿನಿಂದ ಮುಟ್ಟಿ. ಐದು ಸೆಕೆಂಡ್ ಹಿಡಿಯಲು ಆದರೆ ಚಿಂತೆಯಿಲ್ಲ. ಆಗದಿದ್ದರೆ ವ್ಯಾಟ್‌ಮೀಟರ್ ಅಂಕಿಗೆ ಹೋಗಿ. ಎ2212 1000 ಕೆವಿ ಮೋಟರಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 12 ಆಂಪಿಯರ್, ಅದೂ 60 ಸೆಕೆಂಡ್‌ಗಳ ಮಟ್ಟಿಗೆ. 3ಎಸ್‌ನಲ್ಲಿ 10×4.5 ಹಾಕಿದರೆ ಈ ಮೋಟರ್ ಹೆಚ್ಚುಕಡಿಮೆ ಆ ಅಂಚಿನಲ್ಲೇ ಇರುತ್ತದೆ. ಅಂದಮೇಲೆ 'ಇನ್ನೂ ಸ್ವಲ್ಪ ಎಳೆತ ಬೇಕು' ಎಂದು 11 ಇಂಚು ಹಾಕಿದವರ ಮೋಟರ್ ಏನಾಗುತ್ತದೆ ಎಂದು ಮೇಲಿನ ಶೇ. 46 ಹೇಳುತ್ತದೆ.

ಪ್ರಾಪ್ ಹಾಗೇ ಇಟ್ಟು 3ಎಸ್ ಬದಲು 4ಎಸ್ ಹಾಕುವುದು ಇನ್ನೂ ಕೆಟ್ಟದ್ದು. ವೋಲ್ಟೇಜ್ ಮೂರನೇ ಒಂದು ಭಾಗ ಏರಿದರೆ ಕರೆಂಟ್ ಅದರ ವರ್ಗದಂತೆ ಏರುತ್ತದೆ, ಒಂದೂಮುಕ್ಕಾಲು ಪಟ್ಟಿನ ಹತ್ತಿರ. ಸೆಲ್ ಏರಿಸಿದಾಗ ಪ್ರಾಪ್ ಇಳಿಸಲೇಬೇಕು.

'ನಾನು ಅರ್ಧ ಥ್ರಾಟಲ್‌ನಲ್ಲೇ ಹಾರಿಸುತ್ತೇನೆ, ಆದ್ದರಿಂದ ತೊಂದರೆಯಿಲ್ಲ' ಎಂಬ ಸಮಾಧಾನ ಇಎಸ್‌ಸಿಯ ಮಟ್ಟಿಗೆ ನಿಜವಲ್ಲ. ಅರ್ಧ ಥ್ರಾಟಲ್‌ನಲ್ಲಿ ಅದು ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತಿರುತ್ತದೆ, ಆ ಕೆಲಸದಲ್ಲೇ ಅದಕ್ಕೆ ಬಿಸಿ. ಫುಲ್ ಥ್ರಾಟಲ್‌ನಲ್ಲಿ ಅಳೆದ ಆಂಪಿಯರ್‌ಗಿಂತ ಇಎಸ್‌ಸಿಯ ಮಿತಿ ಕನಿಷ್ಠ ಶೇ. 25ರಷ್ಟು ಮೇಲಿರಲಿ.

ಇಲ್ಲಿ ಒಂದು ಒಳಸುಳಿ ಇದೆ, ಹಲವರನ್ನು ದಾರಿ ತಪ್ಪಿಸುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಕಾಂತಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತವೆ, ತಣ್ಣಗಾದ ಮೇಲೂ ಅದು ಪೂರ್ತಿ ಮರಳುವುದಿಲ್ಲ. ಕಾಂತ ದುರ್ಬಲವಾದರೆ ಮೋಟರಿನ ಕೆವಿ ಏರುತ್ತದೆ, ಕೆವಿ ಏರಿದರೆ ಅದೇ ಪ್ರಾಪ್ ಹೆಚ್ಚು ಕರೆಂಟ್ ಎಳೆಯುತ್ತದೆ, ಇನ್ನಷ್ಟು ಬಿಸಿ. ಹೋದ ವರ್ಷ ಸರಿಯಾಗಿದ್ದ ಪ್ರಾಪ್ ಈ ವರ್ಷ ಮೋಟರನ್ನು ಸುಡುತ್ತಿದ್ದರೆ ಪ್ರಾಪ್ ತೆಗೆದು ಬರೀ ಮೋಟರನ್ನು ತಿರುಗಿಸಿ, ಹೊರೆಯಿಲ್ಲದ ಕರೆಂಟ್ ನೋಡಿ. ಈ ವರ್ಗದ ಮೋಟರಿಗೆ ಅದು ಅರ್ಧ ಆಂಪಿಯರ್ ಆಸುಪಾಸು ಇರಬೇಕು. ಅದರ ಎರಡು ಮೂರು ಪಟ್ಟು ಬಂದರೆ ದೋಷ ಮೋಟರಿನದು, ಪ್ರಾಪ್‌ನದಲ್ಲ.

ಕೈಯಲ್ಲಿ ಹಿಡಿದರೆ ಎಳೆಯುತ್ತದೆ, ಹಾರಿಸಿದರೆ ಮುಂದೆ ಹೋಗುವುದಿಲ್ಲ

ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವ ದೋಷ ಇದೇ. ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಲಕ್ಷಣ ಹೀಗಿರುತ್ತದೆ: ವಿಮಾನ ಹಿಡಿದು ಥ್ರಾಟಲ್ ಕೊಟ್ಟರೆ ಕೈ ಜಗ್ಗುತ್ತದೆ. ತಕ್ಕಡಿಗೆ ಕಟ್ಟಿ ನೋಡಿದರೆ 700, 750 ಗ್ರಾಂ ಎಳೆತ ತೋರಿಸುತ್ತದೆ. ಬಿಟ್ಟರೆ ಏರುತ್ತದೆ ಕೂಡ. ಆದರೆ ಮಧ್ಯಾಹ್ನದ ಗಾಳಿ ಸ್ವಲ್ಪ ಬೀಸಿದರೆ ನಿಂತಲ್ಲೇ ನಿಂತಂತೆ ತೇಲುತ್ತದೆ. ಫುಲ್ ಥ್ರಾಟಲ್ ಕೊಟ್ಟರೂ ಮೂಗು ಮೇಲೆತ್ತುತ್ತದೆಯೇ ಹೊರತು ವೇಗ ಬರುವುದಿಲ್ಲ. ತಿರುವಿನಲ್ಲಿ ಒಂದು ರೆಕ್ಕೆ ಕುಸಿಯುತ್ತದೆ. 'ಮೋಟರಿಗೆ ಪವರ್ ಸಾಲದು' ಎಂಬ ತೀರ್ಪು ಬರುವುದು ಆಗ.

ಪವರ್ ಇದೆ. ಪಿಚ್ ವೇಗ ಇಲ್ಲ. ಪಿಚ್ ವೇಗ ಎಂದರೆ ಪ್ರಾಪ್ ಹಿಂದಕ್ಕೆ ಗಾಳಿ ತಳ್ಳಬಲ್ಲ ವೇಗದ ಅಂದಾಜು. ಆರ್‌ಪಿಎಂ ಗುಣಿಸು ಪಿಚ್ ಗುಣಿಸು 0.001524 ಎಂದರೆ ಗಂಟೆಗೆ ಇಷ್ಟು ಕಿ.ಮೀ. ಎಂದು ಸಿಗುತ್ತದೆ. ನಮ್ಮ ಮೋಟರ್ 10×4.5ನ್ನು 7200 ಆರ್‌ಪಿಎಂನಲ್ಲಿ ತಿರುಗಿಸುತ್ತಿದೆ ಎನ್ನೋಣ. ಗುಣಿಸಿದರೆ 49 ಕಿ.ಮೀ. ವಿಮಾನ ಆ ವೇಗದ ಹತ್ತಿರ ಹೋದಂತೆಲ್ಲ ಎಳೆತ ಸೊನ್ನೆಯ ಕಡೆಗೆ ಇಳಿಯುತ್ತದೆ. ನೆಲದ ಮೇಲೆ ತಕ್ಕಡಿ ತೋರಿಸಿದ 750 ಗ್ರಾಂ ನಿಂತ ವಿಮಾನದ್ದು, ಹಾರುವ ವಿಮಾನದ್ದಲ್ಲ.

ಈಗ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ವೇಗ. ವಿಮಾನದ ತೂಕವನ್ನು ಗ್ರಾಂನಲ್ಲಿ, ರೆಕ್ಕೆಯ ವಿಸ್ತೀರ್ಣವನ್ನು ಚದರ ಡೆಸಿಮೀಟರ್‌ನಲ್ಲಿ ತೆಗೆದುಕೊಂಡು ಭಾಗಿಸಿ. 1000 ಗ್ರಾಂ, 25 ಚದರ ಡೆಸಿಮೀಟರ್ ಆದರೆ 40. ಅದರ ವರ್ಗಮೂಲವನ್ನು 4.6ರಿಂದ ಗುಣಿಸಿದರೆ ಸುಮಾರು 29 ಕಿ.ಮೀ., ಸಾಮಾನ್ಯ ಟ್ರೈನರ್ ರೆಕ್ಕೆಗೆ ಸಾಕಷ್ಟು ನಂಬಬಹುದಾದ ಅಂದಾಜು. ಪಿಚ್ ವೇಗ ಸ್ಟಾಲ್ ವೇಗದ ಎರಡೂವರೆಯಿಂದ ಮೂರು ಪಟ್ಟು ಇರಬೇಕು. ನಮ್ಮದು 49ಕ್ಕೆ 29, ಅಂದರೆ 1.7 ಪಟ್ಟು ಮಾತ್ರ. ಬೀಳುವ ವೇಗಕ್ಕೂ ಗರಿಷ್ಠ ವೇಗಕ್ಕೂ ನಡುವೆ ಜಾಗವೇ ಇಲ್ಲ. ಇದಕ್ಕೆ ದೊಡ್ಡ ಬ್ಯಾಟರಿ ಹಾಕಿದರೆ ತೂಕ ಏರಿ ಸ್ಟಾಲ್ ವೇಗ ಇನ್ನೂ ಮೇಲೇರುತ್ತದೆ, ರೋಗ ಉಲ್ಬಣಿಸುತ್ತದೆ.

ಪರಿಹಾರ 9×6. ಹೊರೆ ಅಂಕಿ 39,400, ಅಂದರೆ 10×4.5ಕ್ಕಿಂತ ಶೇ. 12ರಷ್ಟು ಕಡಿಮೆ. ಮೋಟರ್ ಹಗುರಾಗಿ 7800ರ ಹತ್ತಿರ ತಿರುಗುತ್ತದೆ. ಪಿಚ್ ವೇಗ 71 ಕಿ.ಮೀ., ಸ್ಟಾಲ್‌ನ ಸುಮಾರು ಎರಡೂವರೆ ಪಟ್ಟು. ತಕ್ಕಡಿಯಲ್ಲಿ ಎಳೆತ 600 ಗ್ರಾಂ ಆಸುಪಾಸಿಗೆ ಇಳಿಯುತ್ತದೆ, ಅದನ್ನು ಕಂಡು ಹೆದರಬೇಡಿ. ಕಡಿಮೆ ಕರೆಂಟಿನಲ್ಲಿ ಗಾಳಿಯನ್ನು ಸೀಳಿ ಹೋಗುವ ವಿಮಾನ ಸಿಕ್ಕಿತು, ಖರ್ಚು ಒಂದು ಪ್ರಾಪ್‌ನದು. ಕಾಲೇಜುಗಳ ಸ್ಪರ್ಧೆಗಳಲ್ಲಿ ತಂಡಗಳು ತಕ್ಕಡಿಯ ಎಳೆತವೊಂದನ್ನೇ ನೋಡಿ ಪ್ರಾಪ್ ಆರಿಸುವುದನ್ನು ನೋಡುವಾಗಲೆಲ್ಲ ಈ ಲೆಕ್ಕ ಯಾರಾದರೂ ಅವರಿಗೆ ಹೇಳಿಕೊಡಬಾರದೇ ಎನ್ನಿಸುತ್ತದೆ. ಹತ್ತು ನಿಮಿಷದ ಲೆಕ್ಕ, ತಿಂಗಳುಗಟ್ಟಲೆ ಕಟ್ಟಿದ ವಿಮಾನವನ್ನು ಉಳಿಸುತ್ತದೆ.

ಒಂದು ಎಚ್ಚರಿಕೆ: ಮೂಗು ಅಗಲವಾದ, ಡಬ್ಬದಂಥ ವಿಮಾನಕ್ಕೆ ವ್ಯಾಸವನ್ನು ತೀರ ಇಳಿಸಬೇಡಿ. ಪ್ರಾಪ್‌ನ ಒಳಭಾಗದ ಗಾಳಿಯೆಲ್ಲ ಮೂಗಿಗೇ ಬಡಿದು ವ್ಯರ್ಥವಾಗುತ್ತದೆ. ಅಂಥ ವಿಮಾನಕ್ಕೆ 8 ಇಂಚಿಗಿಂತ 9 ಇಂಚು ಎಷ್ಟೋ ಮೇಲು.

ತಿರುಗುಮುರುಗು: ಓಟ ಉದ್ದ, ಏರಿಕೆ ಇಲ್ಲ

ಇನ್ನೊಂದು ತುದಿಯ ದೋಷವೂ ಇದೆ. ಹುಲ್ಲಿನ ಮೇಲೆ ವಿಮಾನ ಓಡುತ್ತಲೇ ಇರುತ್ತದೆ, ಏಳುವುದಿಲ್ಲ. ಕಷ್ಟಪಟ್ಟು ಎದ್ದ ಮೇಲೆ ಚೆನ್ನಾಗಿಯೇ ಓಡುತ್ತದೆ. ಪಿಚ್ ವ್ಯಾಸಕ್ಕೆ ತೀರ ಹತ್ತಿರವಾಗಿದ್ದಾಗ, ಉದಾಹರಣೆಗೆ 8×8ರಲ್ಲಿ, ನಿಂತಾಗ ಅಲಗುಗಳೇ ಸ್ಟಾಲ್ ಆಗಿರುತ್ತವೆ. ಚಾರ್ಮಾಡಿ ಘಾಟಿಯ ಏರಿನಲ್ಲಿ ಬಸ್ಸನ್ನು ನಾಲ್ಕನೇ ಗೇರಿನಲ್ಲಿ ಎತ್ತಿದ ಹಾಗೆ. ವೇಗ ಬಂದ ಮೇಲೆ ಅಲಗಿಗೆ ಗಾಳಿ ಸರಿಯಾದ ಕೋನದಲ್ಲಿ ಸಿಕ್ಕಿ ಕೆಲಸ ಶುರುವಾಗುತ್ತದೆ. ಕಿವಿಯಿಂದಲೂ ಗುರುತಿಸಬಹುದು: ನಿಂತಾಗ ಒರಟಾದ, ಗಾಳಿ ಹರಿಯುವಂಥ ಸದ್ದು; ಹಾರಿದ ಮೇಲೆ ಅದು ನುಣುಪಾಗುತ್ತದೆ. ಟ್ರೈನರ್‌ಗೆ ಪಿಚ್ ವ್ಯಾಸದ ಅರ್ಧದಿಂದ ಮೂರನೇ ಎರಡು ಭಾಗದೊಳಗೆ ಇರಲಿ.

ನಡುಕ ಮತ್ತು ಸದ್ದು

ನಡುಕವನ್ನು ಕಡೆಗಣಿಸಿದವರು ಸಾಲಾಗಿ ಬೆಲೆ ತೆರುತ್ತಾರೆ: ಸರ್ವೋದ ಹಲ್ಲು ಸವೆಯುತ್ತದೆ, ಮೋಟರ್ ಮೌಂಟಿನ ಸ್ಕ್ರೂ ಸಡಿಲವಾಗುತ್ತದೆ, ಕ್ಯಾಮೆರಾ ಚಿತ್ರ ಜೆಲ್ಲಿಯಂತೆ ಅಲುಗುತ್ತದೆ, ಸ್ಟೆಬಿಲೈಸರ್ ಇದ್ದರೆ ಅದರ ಸೆನ್ಸರ್ ಗೊಂದಲಕ್ಕೆ ಬೀಳುತ್ತದೆ.

ಮೊದಲು ಪ್ರಾಪ್ ತೆಗೆದು ಬರೀ ಮೋಟರನ್ನು ಓಡಿಸಿ. ಆಗಲೂ ನಡುಕ ಇದ್ದರೆ ಶಾಫ್ಟ್ ಬಾಗಿದೆ ಅಥವಾ ಬೇರಿಂಗ್ ಹೋಗಿದೆ. ಇಲ್ಲವಾದರೆ ಪ್ರಾಪನ್ನು ಶಾಫ್ಟಿಗೆ ಕೂರಿಸುವ ಅಡಾಪ್ಟರ್ ಮಾತ್ರ ಹಾಕಿ ನೋಡಿ. ಎ2212 ಶಾಫ್ಟ್ 3.17 ಮಿ.ಮೀ. ದಪ್ಪ, ಅದಕ್ಕೆ ಸಿಗುವ ಅಗ್ಗದ ಕಾಲೆಟ್ ಅಡಾಪ್ಟರ್‌ಗಳಲ್ಲಿ ನೇರವಿಲ್ಲದವು ಬಹಳ. ಮೂರನೆಯದಾಗಿ ಪ್ರಾಪ್‌ನ ರಂಧ್ರ ನೋಡಿ. ರಂಧ್ರ ಅಡಾಪ್ಟರಿಗಿಂತ ಸ್ವಲ್ಪವೇ ದೊಡ್ಡದಾಗಿದ್ದರೂ ಪ್ರಾಪ್ ನಟ್ಟನಡುವೆ ಕೂರುವುದಿಲ್ಲ, ಬ್ಯಾಲೆನ್ಸ್ ಮಾಡಿದ ಪ್ರಾಪ್ ಕೂಡ ನಡುಗುತ್ತದೆ. ಜೊತೆಗೆ ಬರುವ ಪ್ಲಾಸ್ಟಿಕ್ ರಿಂಗ್‌ಗಳು ಇರುವುದು ಇದಕ್ಕೇ. ಎಸೆಯಬೇಡಿ.

ಇವೆಲ್ಲ ಸರಿ ಇದ್ದರೆ ಬ್ಯಾಲೆನ್ಸ್. ಕಾಂತದ ಬ್ಯಾಲೆನ್ಸರ್‌ನಲ್ಲಿ ಪ್ರಾಪ್ ಇಟ್ಟು ಅಡ್ಡಕ್ಕೆ ನಿಲ್ಲಿಸಿ. ಒಂದು ಅಲಗು ಕೆಳಗಿಳಿದರೆ ಎದುರಿನ ಅಲಗಿನ ಹಿಂಬದಿಗೆ, ತುದಿಗೆ ಹತ್ತಿರ, ಸಣ್ಣ ಸೆಲ್ಲೋಟೇಪ್ ತುಂಡು ಅಂಟಿಸಿ ಅಥವಾ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಭಾರದ ಅಲಗನ್ನು ಉಜ್ಜಬೇಕಾದರೆ ನುಣುಪು ಮರಳುಕಾಗದದಿಂದ ಹಿಂಬದಿಯನ್ನಷ್ಟೇ ಉಜ್ಜಿ. ಮುಂಚೂಣಿ ಅಂಚನ್ನು ಮುಟ್ಟಬೇಡಿ. ಅಡ್ಡಕ್ಕೆ ಸರಿಯಾಗಿ ನಿಂತು, ನೇರ ನಿಲ್ಲಿಸಿದಾಗ ಒಂದು ಕಡೆಗೇ ಹೊರಳಿದರೆ ಭಾರ ಇರುವುದು ನಡುವಿನ ಹಬ್‌ನಲ್ಲಿ. ಅಲಗಿಗೆ ಏನು ಮಾಡಿದರೂ ಅದು ಸರಿಯಾಗದು, ಹಬ್‌ನ ಹಗುರ ಬದಿಗೆ ಒಂದು ಹನಿ ಅಂಟು ಹಾಕಿ.

ಬ್ಯಾಲೆನ್ಸ್ ಆದ ಮೇಲೂ ನಡುಗಿದರೆ ಟ್ರ್ಯಾಕಿಂಗ್, ಅಂದರೆ ಎರಡೂ ಅಲಗು ಒಂದೇ ಸಮತಲದಲ್ಲಿ ತಿರುಗುತ್ತವೆಯೇ ಎಂದು ನೋಡಿ. ಬ್ಯಾಟರಿ ಬಿಚ್ಚಿಟ್ಟು, ಪ್ರಾಪ್ ತುದಿಯ ಎದುರಿಗೆ ಒಂದು ಕಡ್ಡಿ ನಿಲ್ಲಿಸಿ, ಕೈಯಿಂದ ತಿರುಗಿಸಿ. ಎರಡೂ ತುದಿಗಳು ಕಡ್ಡಿಯಿಂದ ಒಂದೇ ದೂರದಲ್ಲಿ ಹಾಯಬೇಕು. ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟ ಅಗ್ಗದ ಪ್ರಾಪ್‌ಗಳು ಹೀಗೆ ಬಾಗಿರುತ್ತವೆ.

ನಡುಕವಿಲ್ಲದೆ ಬರೀ ಬಟ್ಟೆ ಹರಿದಂಥ ಕರ್ಕಶ ಸದ್ದು ಬಂದರೆ ಅದು ಫ್ಲಟರ್, ಅಂದರೆ ಅಲಗೇ ಪಟಪಟನೆ ಅದುರುವುದು. ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಪ್ರಾಪ್ ತಯಾರಿಸುವ ಎಪಿಸಿ ಕಂಪನಿ ತನ್ನ ಪ್ರಾಪ್‌ಗಳಿಗೆ ಸ್ಪಷ್ಟ ಮಿತಿ ಕೊಟ್ಟಿದೆ: ಸ್ಲೋ ಫ್ಲೈಯರ್‌ಗೆ 65,000ವನ್ನು ವ್ಯಾಸದ ಇಂಚಿನಿಂದ ಭಾಗಿಸಿದಷ್ಟು ಆರ್‌ಪಿಎಂ, ಥಿನ್ ಎಲೆಕ್ಟ್ರಿಕ್‌ಗೆ 1,45,000ವನ್ನು ಭಾಗಿಸಿದಷ್ಟು. 10 ಇಂಚಿನ ಸ್ಲೋ ಫ್ಲೈಯರ್‌ಗೆ ಮಿತಿ 6500. ನಮ್ಮ ಉದಾಹರಣೆಯ ಮೋಟರ್ 3ಎಸ್‌ನಲ್ಲಿ 7000 ದಾಟಿಸುತ್ತದೆ. ಅಂದರೆ 'ಎಲ್ಲರೂ ಹಾಕುತ್ತಾರೆ' ಎಂದು 10×4.7 ಸ್ಲೋ ಫ್ಲೈಯರ್ ಹಾಕಿದವರು ತಯಾರಕರು ಹೇಳಿದ ಮಿತಿಯ ಆಚೆ ಹಾರಿಸುತ್ತಿದ್ದಾರೆ. ಅದೇ ಅಳತೆಯ ಥಿನ್ ಎಲೆಕ್ಟ್ರಿಕ್‌ಗೆ 14,500ರವರೆಗೆ ಅವಕಾಶವಿದೆ.

ಪ್ರತಿ ಹಾರಾಟಕ್ಕೂ ಮುಂಚೆ ಅಲಗುಗಳನ್ನು ಒಂದೊಂದಾಗಿ ಸ್ವಲ್ಪ ಬಗ್ಗಿಸಿ ನೋಡಿ. ಬುಡದಲ್ಲಿ ಬಿಳಿ ಗೆರೆ ಕಂಡರೆ ಮುರಿದು ಬಿಸಾಡಿ, ಇನ್ನೊಬ್ಬರು ಎತ್ತಿಕೊಂಡು ಹಾಕದ ಹಾಗೆ. ಬಿರುಕು ಬಿಟ್ಟ ಪ್ರಾಪ್‌ಗೆ ಅಂಟು ಹಾಕುವ ಮಾತೇ ಬೇಡ.

ಬೇಗ ಮುಗಿಯುವ ಕೆಲವು

ಮೋಟರ್ ಜೋರಾಗಿ ತಿರುಗುತ್ತಿದೆ, ಸದ್ದು ಇದೆ, ಎಳೆತ ಬಹಳ ಕಡಿಮೆ: ಪ್ರಾಪ್ ಹಿಂದುಮುಂದಾಗಿದೆ. ತಿರುಗಿಸಿ ಹಾಕಿದರೂ ಅದು ಅದೇ ದಿಕ್ಕಿಗೆ ಎಳೆಯುತ್ತದೆ, ಅಲಗಿನ ಉಬ್ಬು ಮಾತ್ರ ತಪ್ಪು ಬದಿಗೆ ಬಂದು ಎಳೆತ ಕುಸಿಯುತ್ತದೆ. ಆದ್ದರಿಂದಲೇ ಹಲವರಿಗೆ ಇದು ಹೊಳೆಯುವುದಿಲ್ಲ. ಅಂಕಿ ಅಕ್ಷರ ಬರೆದ ಮುಖ ಯಾವಾಗಲೂ ವಿಮಾನ ಹೋಗುವ ದಿಕ್ಕಿಗೇ ಇರಬೇಕು, ಹಿಂದಿನಿಂದ ಪ್ರಾಪ್ ತಳ್ಳುವ ಪುಷರ್ ವಿಮಾನದಲ್ಲೂ. ಗಾಳಿ ಮುಂದಕ್ಕೆ ಬೀಸುತ್ತಿದ್ದರೆ ಮೋಟರ್ ತಿರುಗುವ ದಿಕ್ಕೇ ತಪ್ಪು. ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ.

ಹಾರುವಾಗ ಮೋಟರ್ ನಿಂತು, ಥ್ರಾಟಲ್ ಇಳಿಸಿದರೆ ಮತ್ತೆ ಬರುತ್ತದೆ: ಇಎಸ್‌ಸಿಯ ಲೋ ವೋಲ್ಟೇಜ್ ಕಟಾಫ್, ಅಂದರೆ ವೋಲ್ಟೇಜ್ ತೀರ ಇಳಿದಾಗ ಅದು ಮೋಟರನ್ನು ನಿಲ್ಲಿಸುವುದು. ತುಂಬಿದ 3ಎಸ್ 12.6 ವೋಲ್ಟ್, ಫುಲ್ ಥ್ರಾಟಲ್‌ನಲ್ಲಿ 11ರ ಆಸುಪಾಸು ನಿಲ್ಲಬೇಕು. ತಕ್ಷಣ 10ಕ್ಕಿಂತ ಕೆಳಗೆ ಬಿದ್ದರೆ ಆಂಪಿಯರ್ ನೋಡಿ. ಆಂಪಿಯರ್ ಮಿತಿಯಲ್ಲಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ, ಮೀರಿದ್ದರೆ ಪ್ರಾಪ್ ದೊಡ್ಡದು.

ದೊಡ್ಡ ಪ್ರಾಪ್ ಹಾಕಿದ ಮೇಲೆ ಥ್ರಾಟಲ್ ಕೊಟ್ಟಾಗಲೆಲ್ಲ ವಿಮಾನ ಎಡಕ್ಕೆ ಎಳೆಯುತ್ತದೆ: ಟಾರ್ಕ್ ಹೆಚ್ಚಿದೆ. ಮೋಟರನ್ನು ಎರಡು ಮೂರು ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸಿ, ರಡ್ಡರ್ ಟ್ರಿಮ್‌ನಿಂದ ಮುಚ್ಚಿಹಾಕಬೇಡಿ.

ನೆಲಕ್ಕೆ ಪ್ರಾಪ್ ತಾಗುತ್ತದೆ ಎಂದು ವ್ಯಾಸ ಇಳಿಸಬೇಕಾದರೆ ಮೂರು ಅಲಗಿನದಕ್ಕೆ ಹೋಗಬಹುದು: ಅದೇ ಪಿಚ್, ಒಂದಿಂಚು ಕಡಿಮೆ ವ್ಯಾಸ.

ಊರು ಬದಲಾದರೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅದೇ 30 ಡಿಗ್ರಿ ಬಿಸಿಲಿನಲ್ಲಿ ಮಂಗಳೂರಿನ ಗಾಳಿಗಿಂತ ಇಲ್ಲಿನ ಗಾಳಿ ಶೇ. 10ರಷ್ಟು ತೆಳು. ಎಳೆತವೂ ಅಷ್ಟು ಕಡಿಮೆ, ಕರೆಂಟೂ ಅಷ್ಟು ಕಡಿಮೆ. ಬೇರೆ ದೇಶದವರು ಸಮುದ್ರಮಟ್ಟದಲ್ಲಿ ಅಳೆದ ಎಳೆತದ ಪಟ್ಟಿ ನೋಡಿ ನಿಮ್ಮ ಮೋಟರ್ ನಕಲಿ ಎಂದು ತೀರ್ಮಾನಿಸುವ ಮುನ್ನ ಇದನ್ನು ಕಳೆಯಿರಿ. ಇನ್ನೊಂದು ಬದಿಯ ಅಪಾಯ ಹೆಚ್ಚು ಮುಖ್ಯ: ಬೆಂಗಳೂರಿನಲ್ಲಿ 18 ಆಂಪಿಯರ್ ಎಳೆಯುತ್ತಿದ್ದ ಪ್ರಾಪ್ ಮಂಗಳೂರು, ಉಡುಪಿ, ಕಾರವಾರದ ಮೈದಾನದಲ್ಲಿ 20ರ ಹತ್ತಿರ ಹೋಗುತ್ತದೆ. ಇಎಸ್‌ಸಿ 20 ಆಂಪಿಯರಿನದಾದರೆ ಅಂಚು ಮುಗಿಯಿತು. ಕರಾವಳಿಗೆ ಹೊರಟಾಗ ಒಂದಿಂಚು ಕಡಿಮೆ ಪಿಚ್‌ನ ಪ್ರಾಪ್ ಚೀಲದಲ್ಲಿರಲಿ. ಮೈಸೂರು, ಬೆಳಗಾವಿಯಂಥ 750 ಮೀಟರ್ ಆಸುಪಾಸಿನ ಊರುಗಳಿಗೆ ಬೆಂಗಳೂರಿನ ಅಂಕಿಗಳೇ ಸಾಕಷ್ಟು ಹೊಂದುತ್ತವೆ.

ಇಂಧನದಿಂದ ಓಡುವ ಗ್ಲೋ ಇಂಜಿನ್ ವಿಮಾನ ಹಾರಿಸುವವರಿಗೂ ಇದೇ ಹೊರೆ ಲೆಕ್ಕ. 40 ಅಳತೆಯ, ಅಂದರೆ 6.5 ಸಿಸಿ ಟ್ರೈನರ್ ಇಂಜಿನ್‌ಗೆ 10×6 ರೂಢಿಯ ಪ್ರಾಪ್. ಇಂಜಿನ್ ಬಿಸಿಯಾಗಿ ಗಾಳಿಯಲ್ಲಿ ಸೊರಗಿದರೆ ಮೊದಲು ಇಂಧನ ಹೊಂದಿಸುವ ಸೂಜಿಯನ್ನು ಸ್ವಲ್ಪ ತೆರೆದು ಮಿಶ್ರಣ ದಪ್ಪ ಮಾಡಿ (ಇಂಧನ ಹೆಚ್ಚಿಸಿ). ಆಮೇಲೂ ಸೊರಗಿದರೆ 10×5 ಹಾಕಿ ನೋಡಿ. ಎರಡನ್ನೂ ಒಂದೇ ಸಲ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಎಲೆಕ್ಟ್ರಿಕ್‌ನಲ್ಲೂ ಹಾಗೆಯೇ, ಒಂದು ಸಲಕ್ಕೆ ಒಂದು ಬದಲಾವಣೆ: ಒಂದಿಂಚು ವ್ಯಾಸ ಅಥವಾ ಒಂದಿಂಚು ಪಿಚ್. ಬದಲಿಸಿದ ಮೇಲೆ ಮತ್ತೆ ವ್ಯಾಟ್‌ಮೀಟರ್ ಸೇರಿಸಿ, ಮೂರೂ ಅಂಕಿಗಳನ್ನು ಪ್ರಾಪ್‌ನ ಹಬ್ ಮೇಲೆಯೇ ಮಾರ್ಕರ್‌ನಿಂದ ಬರೆದಿಡಿ.